ಪ್ರತಿನಮಸ್ಕಾರದ ಪಾಠ

‘ಈಗಿನ ಹುಡುಗರಿಗೆ ದೊಡ್ಡವರು ಚಿಕ್ಕವರು ಎಂಬುದೇ ಇಲ್ಲ’ ಎಂಬ ದೂರು ಅರಳಿಕಟ್ಟೆಯಿಂದ ಹಿಡಿದು ಮಠದ ಸಭಾಂಗಣದವರೆಗೆ ಎಲ್ಲೆಡೆ ಕೇಳಿಬರುತ್ತದೆ. ಧರ್ಮಶಿಕ್ಷಣವೇ ಇದಕ್ಕೆ ಮದ್ದು ಎನ್ನುವವರೂ ಬಹಳ ಮಂದಿ. ಆದರೆ ಧರ್ಮಗಳು ಕಲಿಸಿದ ಮರ್ಯಾದೆಯ ಪಾಠವಾದರೂ ಯಾವುದು? ಮಂಡ್ಯ ಜಿಲ್ಲೆಯ ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಹಲವು ಪರಂಪರೆಗಳು ಶತಮಾನಗಳಿಂದ ಅಕ್ಕಪಕ್ಕದಲ್ಲಿ ಬಾಳಿವೆ. ಅವುಗಳ ವಂದನೆಯ ಕ್ರಮವನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಪಾಠದ ಅರ್ಧ ಭಾಗ ಕಿರಿಯರಿಗಾದರೆ ಉಳಿದರ್ಧ ಹಿರಿಯರಿಗೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನೇ ಮೊದಲು ನೋಡೋಣ. 1854ರಷ್ಟು ಹಿಂದೆಯೇ ಇಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಉಪನಯನವಾದ ವಟು ಕಲಿಯುವ ಮೊದಲ ಪಾಠಗಳಲ್ಲಿ ಅಭಿವಾದನವೂ ಒಂದು. ಕೈಗಳಿಂದ ಕಿವಿ ಮುಟ್ಟಿಕೊಂಡು, ಪ್ರವರ, ಗೋತ್ರ, ಸೂತ್ರ, ಹೆಸರು ಹೇಳಿ ಹಿರಿಯರ ಕಾಲಿಗೆ ಎರಗುವ ಕ್ರಮವಿದು. ಇದಕ್ಕೆ ಹಿರಿಯರು ಕೊಡಬೇಕಾದ ಉತ್ತರಕ್ಕೂ ಶಾಸ್ತ್ರವಿದೆ. ‘ಆಯುಷ್ಮಂತನಾಗು’ ಎಂದು ಹರಸಿ ಹುಡುಗನ ಹೆಸರು ಹಿಡಿದು ಕರೆಯಬೇಕು. ಆ ಹೆಸರಿನ ಕೊನೆಯ ಸ್ವರವನ್ನು ಎಳೆದು ಹೇಳಬೇಕು. ಮರುವಂದನೆ ತಿಳಿಯದವನಿಗೆ ತಿಳಿದವನು ನಮಸ್ಕರಿಸಬೇಕಾಗಿಲ್ಲ ಎಂದೇ ಮನುಸ್ಮೃತಿ ಹೇಳುತ್ತದೆ.

ಆದರೆ ಈ ಗೌರವ ಎಲ್ಲರಿಗೂ ಸಿಗಲಿಲ್ಲ. ಸ್ವರ ಎಳೆಯುವ ನಿಯಮವನ್ನು ಹೇಳುವ ಪಾಣಿನಿಯ ವ್ಯಾಕರಣಸೂತ್ರವೇ ಶೂದ್ರರನ್ನು ಹೊರಗಿಡುತ್ತದೆ. ರಾಮಾನುಜಾಚಾರ್ಯರು 12ನೆಯ ಶತಮಾನದಲ್ಲಿ ಮೇಲುಕೋಟೆಗೆ ಬಂದಾಗ ಉತ್ಸವಮೂರ್ತಿಯನ್ನು ಮರಳಿ ತರಲು ನೆರವಾದ ಅಸ್ಪೃಶ್ಯರೆನಿಸಿದವರನ್ನು ‘ತಿರುಕುಲತ್ತಾರ್’, ಅಂದರೆ ಪವಿತ್ರ ಕುಲದವರು ಎಂದು ಕರೆದರೆಂಬ ಪ್ರತೀತಿಯಿದೆ. ಹೆಸರೇನೋ ದೊಡ್ಡದೇ. ಆದರೂ ಬ್ರಿಟಿಷರ ಕಾಲದ ಗೆಜೆಟಿಯರ್‌ಗಳ ಪ್ರಕಾರ ಅವರಿಗೆ ದೇವಾಲಯ ಪ್ರವೇಶವಿದ್ದದ್ದು ವರ್ಷಕ್ಕೆ ಮೂರು ದಿನ ಮಾತ್ರ. ಅಸ್ಪೃಶ್ಯತೆ ಕಾನೂನಿನಲ್ಲಿ ಕೊನೆಗೊಂಡದ್ದು 1950ರಲ್ಲಿ, ಸಂವಿಧಾನದ 17ನೆಯ ವಿಧಿಯಿಂದ.

ಮೇಲುಕೋಟೆಯ ಬೆಟ್ಟ ಇಳಿದು ಕಾವೇರಿಯ ಕಡೆಗೆ ಬಂದರೆ ಶ್ರೀರಂಗಪಟ್ಟಣ. 1799ರಲ್ಲಿ ಕೋಟೆ ಬಿದ್ದಾಗ ಟಿಪ್ಪು ಸುಲ್ತಾನನ ಗ್ರಂಥಭಂಡಾರದಲ್ಲಿ ಸುಮಾರು 2,000 ಸಂಪುಟಗಳಿದ್ದವು. ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ನೀತಿಶಾಸ್ತ್ರದ ಗ್ರಂಥಗಳಿಗೆ ಪ್ರತ್ಯೇಕ ವಿಭಾಗವೇ ಇದೆ. ಮುಸ್ಲಿಮರು ನಡೆನುಡಿಯ ಶಿಸ್ತನ್ನು ‘ಅದಬ್’ ಎನ್ನುತ್ತಾರೆ. ಸಲಾಂ ಅದರ ಮೊದಲ ಹೆಜ್ಜೆ. ಕಿರಿಯರು ಹಿರಿಯರಿಗೆ ಮೊದಲು ಸಲಾಂ ಹೇಳಬೇಕು ಎಂಬ ಹದೀಸ್ ಇದೆ. ಸವಾರಿ ಮಾಡುವವನು ನಡೆದು ಹೋಗುವವನಿಗೆ ಹೇಳಬೇಕು ಎಂಬುದೂ ಇದೆ. ಅಂದರೆ ಮೇಲೆ ಕುಳಿತವನೇ ಮೊದಲು ಬಾಗಬೇಕು. ಪ್ರವಾದಿಯವರು ದಾರಿಯಲ್ಲಿ ಎದುರಾದ ಹುಡುಗರಿಗೆ ತಾವೇ ಸಲಾಂ ಹೇಳಿದ ಪ್ರಸಂಗವೂ ದಾಖಲಾಗಿದೆ. ಯಾರಾದರೂ ವಂದಿಸಿದರೆ ಅದಕ್ಕಿಂತ ಉತ್ತಮವಾಗಿ, ಇಲ್ಲವೇ ಅಷ್ಟೇ ಆದರದಿಂದ ಮರುವಂದನೆ ಸಲ್ಲಿಸಬೇಕೆಂಬುದು ಕುರ್‌ಆನಿನ 4ನೆಯ ಅಧ್ಯಾಯದ ಆದೇಶ.

‘ಅದಕ್ಕಿಂತ ಉತ್ತಮವಾಗಿ’ ವಂದಿಸಿದ ಕಥೆಯೊಂದು ಶರಣ ಪರಂಪರೆಯಲ್ಲಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಾಪನಹಳ್ಳಿ ಗವಿಮಠ ಇದೇ ಪರಂಪರೆಯ ವಚನಕಾರ ಸ್ವತಂತ್ರ ಸಿದ್ಧಲಿಂಗೇಶ್ವರರ ನೆಲೆ. ಕಲ್ಯಾಣದಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ಹರಳಯ್ಯ ಒಮ್ಮೆ ಬಸವಣ್ಣನವರಿಗೆ ‘ಶರಣು’ ಎಂದರಂತೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಉತ್ತರಿಸಿದರು. ತಾನು ಹೇಳಿದ್ದು ಒಂದು, ಬಂದದ್ದು ಎರಡು; ಉಳಿದೊಂದರ ಋಣ ತೀರಿಸುವುದು ಹೇಗೆಂದು ಕೊರಗಿದ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರು. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡರು. ಕಥೆ ಎಷ್ಟು ನಿಜವೋ ಏನೋ, ಅಧಿಕಾರದಲ್ಲಿದ್ದವನು ಕೊಟ್ಟ ಒಂದು ಹೆಚ್ಚಿನ ನಮಸ್ಕಾರಕ್ಕೆ ಕನ್ನಡ ಜನ ಎಂಥ ಬೆಲೆ ಕಟ್ಟಿದ್ದರು ಎಂಬುದು ಮಾತ್ರ ಸ್ಪಷ್ಟ.

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನಾಥ ಪರಂಪರೆಯ ಕ್ಷೇತ್ರ. 1974ರಲ್ಲಿ ಪೀಠಕ್ಕೆ ಬಂದ ಬಾಲಗಂಗಾಧರನಾಥ ಸ್ವಾಮೀಜಿ 2013ರಲ್ಲಿ ನಿಧನರಾಗುವವರೆಗೆ ಹಳ್ಳಿಯ ಮಕ್ಕಳಿಗಾಗಿ ಅನೇಕ ಶಾಲೆ, ವಿದ್ಯಾರ್ಥಿನಿಲಯಗಳನ್ನು ಕಟ್ಟಿಸಿದರು. ನಾಥಯೋಗಿಗಳು ಎದುರಾದಾಗ ‘ಆದೇಶ್’ ಎನ್ನುತ್ತಾರೆ. ಉತ್ತರವೂ ‘ಆದೇಶ್’ ಎಂದೇ. ಹೇಳುವವನಿಗೊಂದು ಪದ, ಕೇಳುವವನಿಗೊಂದು ಪದ ಎಂಬ ಭೇದ ಅಲ್ಲಿಲ್ಲ.

ಹೀಗೆ ದಾರಿಗಳು ಬೇರೆಯಾದರೂ ವಂದನೆಗೆ ಉತ್ತರ ಸಿಗಲೇಬೇಕು ಎಂಬುದರಲ್ಲಿ ಎಲ್ಲವೂ ಒಂದು. ನಾವು ಮಾತ್ರ ಮಕ್ಕಳಿಗೆ ‘ಅಜ್ಜನಿಗೆ ಕೈ ಮುಗಿ, ಗುರುಗಳ ಕಾಲಿಗೆ ಬೀಳು’ ಎಂದು ಹೇಳಿ ಪಾಠ ಮುಗಿಸುತ್ತೇವೆ. ಮಗು ಕೈ ಮುಗಿದಾಗ ಮಾತು ನಿಲ್ಲಿಸಿ ಅದರ ಹೆಸರು ಹಿಡಿದು ಹರಸುವ ಹಿರಿಯರು ಎಷ್ಟು ಮಂದಿ? ಮನೆಗೆ ಕೆಲಸಕ್ಕೆ ಬರುವವರ ನಮಸ್ಕಾರಕ್ಕೆ ತಲೆಯನ್ನೂ ಆಡಿಸದ ತಂದೆಯನ್ನು ನೋಡಿ ಬೆಳೆಯುವ ಹುಡುಗ, ಮರ್ಯಾದೆ ಎಂದರೆ ಬಲವಿದ್ದವರಿಗೆ ಸಲ್ಲುವ ಕಂದಾಯ ಎಂದೇ ತಿಳಿಯುತ್ತಾನೆ. ಹುಡುಗರಿಗೆ ಮರ್ಯಾದೆ ಕಲಿಸಲು ಹೊರಟವರು ಪಾಠದ ಉಳಿದರ್ಧವನ್ನು ಮೊದಲು ತಾವು ಒಪ್ಪಿಸುವುದು ಒಳ್ಳೆಯದು.