ಜೀನ್ ನಿಯಂತ್ರಣ ಜಾಲ: ಸ್ಥಿರತೆ ಮತ್ತು ಹೊಂದಾಣಿಕೆಯ ಅಧ್ಯಯನ

ಜೀವಕೋಶದಲ್ಲಿ ಒಂದು ಜೀನ್ ತಯಾರಿಸುವ ಪ್ರೊಟೀನ್ ಇನ್ನೊಂದು ಜೀನನ್ನು ಚುರುಕುಗೊಳಿಸಬಹುದು, ಇಲ್ಲವೇ ಸುಮ್ಮನಾಗಿಸಬಹುದು. ಇಂಥ ಸಂಬಂಧಗಳ ಹೆಣಿಗೆಯೇ ಜೀನ್ ನಿಯಂತ್ರಣ ಜಾಲ. ಯಕೃತ್ತಿನ ಕೋಶದಲ್ಲೂ ನರಕೋಶದಲ್ಲೂ ಇರುವುದು ಅವೇ ಜೀನ್‌ಗಳು. ಆದರೂ ಒಂದು ಇನ್ನೊಂದಾಗುವುದಿಲ್ಲ. ಹಾಗೆಂದು ಜಾಲ ಕಲ್ಲಿನಂತೆ ಕೂತರೂ ನಡೆಯದು, ಆಹಾರ ಬದಲಾದರೆ ಕೋಶವೂ ಬದಲಾಗಬೇಕು.

ಬ್ರಿಟನ್ನಿನ ಕಾನ್ರಾಡ್ ವಾಡಿಂಗ್ಟನ್ 1942ರಲ್ಲೇ, ಸಣ್ಣಪುಟ್ಟ ಅಡ್ಡಿಗಳಿಗೆ ಜಗ್ಗದೆ ಭ್ರೂಣ ತನ್ನ ದಾರಿಯಲ್ಲೇ ಬೆಳೆಯುವುದನ್ನು ಗುರುತಿಸಿದ್ದ. ಜೀನ್‌ಗಳ ಮಟ್ಟದಲ್ಲಿ ನಿಯಂತ್ರಣದ ಸ್ಪಷ್ಟ ಚಿತ್ರ ಕೊಟ್ಟವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ. 1961ರಲ್ಲಿ ಅವರು ಮಂಡಿಸಿದ ಒಪೆರಾನ್ ಮಾದರಿ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸಿಕ್ಕಾಗ ಮಾತ್ರ ಇ. ಕೋಲಿ ಬ್ಯಾಕ್ಟೀರಿಯ ಅದನ್ನು ಜೀರ್ಣಿಸುವ ಕಿಣ್ವವನ್ನು ಹೇರಳವಾಗಿ ತಯಾರಿಸುವ ಬಗೆಯನ್ನು ವಿವರಿಸಿತು. 1965ರಲ್ಲಿ ಆಂದ್ರೆ ಲ್ವೋಫ್ ಜೊತೆ ಇಬ್ಬರಿಗೂ ನೊಬೆಲ್ ಬಂತು.

ಅದಕ್ಕೂ ಮೊದಲು, 1957ರಲ್ಲಿ, ಆರನ್ ನೊವಿಕ್ ಮತ್ತು ಮಿಲ್ಟನ್ ವೀನರ್ ನಡೆಸಿದ ಪ್ರಯೋಗಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. ಲ್ಯಾಕ್ಟೋಸನ್ನು ಹೋಲುವ ಪ್ರಚೋದಕವನ್ನು ಅವರು ಇದೇ ಬ್ಯಾಕ್ಟೀರಿಯಕ್ಕೆ ಕಡಿಮೆ ಪ್ರಮಾಣದಲ್ಲಿ ಕೊಟ್ಟರು. ಪ್ರತಿ ಕೋಶವೂ ಸ್ವಲ್ಪ ಸ್ವಲ್ಪ ಕಿಣ್ವ ತಯಾರಿಸಲಿಲ್ಲ. ಕೆಲವು ಪೂರ್ತಿ ತಯಾರಿಸಿದವು, ಉಳಿದವು ಸುಮ್ಮನಿದ್ದವು. ಪ್ರಚೋದಕದ ಪ್ರಮಾಣವನ್ನು ಸರಿಯಾಗಿ ಹಿಡಿದಿಟ್ಟಾಗ ಎರಡೂ ಗುಂಪುಗಳ ಸಂತಾನ ತಲೆಮಾರುಗಟ್ಟಲೆ ಹಾಗೆಯೇ ಮುಂದುವರಿಯಿತು. ಕಾರಣ ಇಷ್ಟೆ: ಪ್ರಚೋದಕವನ್ನು ಒಳಗೆ ತರುವ ಪ್ರೊಟೀನ್ ತಯಾರಾಗುವುದೂ ಆ ಪ್ರಚೋದಕದಿಂದಲೇ. ಒಮ್ಮೆ ಬಾಗಿಲು ತೆರೆದರೆ ಅದು ತೆರೆದೇ ಇರುತ್ತದೆ. ಜೀನ್ ಒಂದೇ, ಪರಿಸರ ಒಂದೇ, ಬೇರೆಯಾಗಿದ್ದದ್ದು ಕೋಶದ ಪೂರ್ವಚರಿತ್ರೆ ಮಾತ್ರ.

1969ರಲ್ಲಿ ಅಮೆರಿಕದ ಸ್ಟುವರ್ಟ್ ಕಾಫ್‌ಮನ್ ಜೀನ್‌ಗಳನ್ನು ಬರೀ ಸ್ವಿಚ್ಚುಗಳೆಂದು ಭಾವಿಸಿ, ಮನಬಂದಂತೆ ಜೋಡಿಸಿ ಕಂಪ್ಯೂಟರಿನಲ್ಲಿ ಓಡಿಸಿದ. ಒಂದೊಂದಕ್ಕೆ ಎರಡೇ ಸಂಪರ್ಕಗಳಿದ್ದಾಗ ಜಾಲ ತಾನಾಗಿ ಕೆಲವೇ ಸ್ಥಿರ ಆವರ್ತಗಳಲ್ಲಿ ನೆಲೆಗೊಂಡಂತೆ ಕಂಡಿತು. ಒಂದೊಂದು ಆವರ್ತವೂ ಒಂದೊಂದು ಬಗೆಯ ಕೋಶ ಎಂದು ಆತ ವಾದಿಸಿದ. ಆವರ್ತಗಳ ಸಂಖ್ಯೆಯ ಲೆಕ್ಕ ತಪ್ಪೆಂದು ಮುಂದೆ ಸಾಬೀತಾಯಿತು. ಕಲ್ಪನೆ ಮಾತ್ರ ಇಂದಿಗೂ ಬಳಕೆಯಲ್ಲಿದೆ.

2000ದಲ್ಲಿ ಇಂಥ ಜಾಲಗಳನ್ನು ಕೈಯಾರೆ ಕಟ್ಟುವುದೂ ಸಾಧ್ಯವಾಯಿತು. ಪರಸ್ಪರ ತಡೆಯುವ ಎರಡು ಜೀನ್‌ಗಳು ಕೋಶಕ್ಕೆ ನೆನಪು ಕೊಟ್ಟವು. ವರ್ತುಲವಾಗಿ ಒಂದನ್ನೊಂದು ತಡೆಯುವ ಮೂರು ಜೀನ್‌ಗಳು ಲಯಬದ್ಧವಾಗಿ ಏರಿಳಿದವು. ತನ್ನನ್ನು ತಾನೇ ತಡೆದುಕೊಳ್ಳುವ ಜೀನಿನಲ್ಲಿ ಏರುಪೇರು ಕಡಿಮೆಯಾಯಿತು. ಪ್ರೌಢ ಕೋಶದ ಸ್ಥಿರತೆಯೂ ಅಭೇದ್ಯವಲ್ಲ ಎಂಬುದನ್ನು 2006ರಲ್ಲಿ ಶಿನ್ಯಾ ಯಮನಾಕ ನಾಲ್ಕೇ ಜೀನ್‌ಗಳಿಂದ ಇಲಿಯ ಚರ್ಮದ ಕೋಶವನ್ನು ಕಾಂಡಕೋಶವಾಗಿಸಿ ತೋರಿಸಿದ.

2008ರಲ್ಲಿ ಮಾರ್ಕ್ ಇಸಾಲನ್ ತಂಡ ಇ. ಕೋಲಿಯ ಜಾಲಕ್ಕೆ ಸುಮಾರು 600 ಬಗೆಯ ಹೊಸ ಸಂಪರ್ಕಗಳನ್ನು ಒಂದೊಂದಾಗಿ ಸೇರಿಸಿ ನೋಡಿತು. ಸುಮಾರು ಶೇ. 95ರಷ್ಟನ್ನು ಬ್ಯಾಕ್ಟೀರಿಯ ತಾಳಿಕೊಂಡಿತು. ಕೆಲವು ಕಠಿಣ ಸನ್ನಿವೇಶಗಳಲ್ಲಿ ಹೀಗೆ ಬದಲಾದ ತಳಿಗಳೇ ಮೂಲ ತಳಿಯನ್ನು ಹಿಂದಿಕ್ಕಿದವು.