ಸ್ವರದ ಲಿಪಿಯೂ ಬೆರಳಿನ ಲಿಪಿಯೂ

ಸಂಗೀತವು ಕಿವಿಯಿಂದ ಕಲಿಯತಕ್ಕ ವಿದ್ಯೆ, ಅಲ್ಲಿ ಕಣ್ಣಿಗೆ ಕೆಲಸವಿಲ್ಲವೆಂಬ ಮಾತು ನಮ್ಮಲ್ಲಿ ರೂಢವಾಗಿದೆ. ಇದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ನಮ್ಮ ನಾಡಿನ ಚರಿತ್ರೆಯನ್ನೇ ಮುಂದಿಟ್ಟುಕೊಂಡು ವಿಚಾರಮಾಡೋಣ.

ಆಳಂದದ ಸೀಮೆಯ ಮಾದನಹಿಪ್ಪರಗಾ ಕಲ್ಯಾಣಕ್ಕೂ ವಿಜಾಪುರಕ್ಕೂ ನಡುವಣ ಪ್ರದೇಶದಲ್ಲಿರುವ ಊರು. ಆ ವಿಜಾಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹನು ಸ್ವತಃ ಗಾಯಕನು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದಿಸಿದವನು. ಆತನ ‘ಕಿತಾಬ್-ಎ-ನವರಸ್’ ಎಂಬ ದಖನಿ ಗ್ರಂಥದಲ್ಲಿ ಹಾಡುಗಳು ರಾಗಗಳ ಹೆಸರಿನ ಕೆಳಗೆ ಜೋಡಿಸಲ್ಪಟ್ಟಿವೆ. ಮಾತು ಉಳಿಯಿತು, ರಾಗದ ಹೆಸರೂ ಉಳಿಯಿತು. ಅರಸನು ಹಾಡಿದ ಧಾಟಿ ಮಾತ್ರ ಉಳಿಯಲಿಲ್ಲ. ಏಕೆಂದರೆ ಅದರಲ್ಲಿ ಸ್ವರಗಳನ್ನು ಬರೆದಿಡಲಿಲ್ಲ.

ಅದೇ ಅರಸನ ಕಾಲದಲ್ಲಿ, 1609ರಲ್ಲಿ, ಸೋಮನಾಥನೆಂಬ ಪಂಡಿತನು ಸಂಸ್ಕೃತದಲ್ಲಿ ‘ರಾಗವಿಬೋಧ’ವನ್ನು ಬರೆದನು. ಈತನು ರಾಗಗಳ ರೂಪವನ್ನು ಸ್ವರಾಕ್ಷರಗಳಲ್ಲಿ ಬರೆದುದಲ್ಲದೆ, ವೀಣೆಯ ತಂತಿಯನ್ನು ಮೀಟುವ, ಎಳೆಯುವ, ಜಾರಿಸುವ ಬಗೆಗಳಿಗೆಲ್ಲ ಇಪ್ಪತ್ತಕ್ಕೂ ಮಿಕ್ಕ ಚಿಹ್ನೆಗಳನ್ನು ಕಲ್ಪಿಸಿದನು. ಸ್ವರದ ಜೊತೆಗೆ ಕೈಯ ಚಲನೆಯನ್ನೂ ಓದಬಹುದೆಂಬುದು ಆತನ ಎಣಿಕೆ.

ಯೂರೋಪಿನಲ್ಲಿಯೂ ಇಂಥ ಪ್ರಯತ್ನ ನಡೆದಿತ್ತು. 1546ರಲ್ಲಿ ಸ್ಪೇನ್ ದೇಶದ ಸೆವಿಲ್ ನಗರದಲ್ಲಿ ಮುದಾರ್ರನು ಅಚ್ಚುಮಾಡಿಸಿದ ಪುಸ್ತಕದಲ್ಲಿ ಗಿಟಾರ್ ವಾದ್ಯದ ಕೃತಿಗಳು ಅಂಕಿಗಳಲ್ಲಿವೆ. ಟ್ಯಾಬ್ಲೇಚರ್ ಎಂಬ ಈ ಲಿಪಿಯಲ್ಲಿ ಗೆರೆಯೊಂದು ತಂತಿಯನ್ನೂ, ಅಂಕಿಯು ಬೆರಳಿಡಬೇಕಾದ ಮೆಟ್ಟನ್ನೂ ಸೂಚಿಸುವುದು; ಸೊನ್ನೆಯಿದ್ದರೆ ತಂತಿಯನ್ನು ಒತ್ತದೆ ಮೀಟಬೇಕು. ಐದು ಗೆರೆಗಳ ಸ್ವರಲಿಪಿಯಾದರೋ ಧ್ವನಿಯನ್ನು ತಿಳಿಸುವುದೇ ಹೊರತು ಅದರ ಸ್ಥಾನವನ್ನಲ್ಲ. ಇಂದಿನ ಗಿಟಾರಿನಲ್ಲಿ ಮೊದಲನೆಯ ತಂತಿಯನ್ನು ಒತ್ತದೆ ಮೀಟಿದಾಗ ಬರುವ ಧ್ವನಿಯೇ ಎರಡನೆಯ ತಂತಿಯ 5ನೆಯ ಮೆಟ್ಟಿನಲ್ಲಿಯೂ, ಮೂರನೆಯದರ 9ನೆಯ ಮೆಟ್ಟಿನಲ್ಲಿಯೂ ದೊರೆಯುತ್ತದೆ. ಆದುದರಿಂದ ಸ್ವರಲಿಪಿಯೊಂದನ್ನೇ ಕಲಿತವನು ಬೆರಳಿಗಾಗಿ ತಡಕಾಡುವನು. ಅಂಕಿಗಳನ್ನಷ್ಟೇ ಓದುವವನು ತಾನು ನುಡಿಸುತ್ತಿರುವ ಸ್ವರ ಯಾವುದೆಂದು ಅರಿಯನು. ಎರಡನ್ನೂ ಬಲ್ಲವನಿಗೆ ಮಾತ್ರ ವಾದ್ಯವೂ ಸಂಗೀತವೂ ಒಟ್ಟಿಗೆ ವಶವಾಗುವುವು.

ಯಾವ ಲಿಪಿಯೂ ಗುರುವಿನ ಕಂಠಕ್ಕೆ ಸಮನಲ್ಲವೆಂಬ ಆಕ್ಷೇಪಣೆ ಯುಕ್ತವಾದುದೇ. ಆದರೆ ಕಂಠವು ನಶಿಸತಕ್ಕದ್ದು. ಜೇವರ್ಗಿಯ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳು ಅಚ್ಚಾಗಿವೆ. ಅವುಗಳ ಧಾಟಿಗಳಾದರೋ ಏಕತಾರಿಯನ್ನು ಹಿಡಿದ ಹಾಡುಗಾರರ ಬಾಯಲ್ಲಿವೆ. ಗಿಟಾರಿಗಾಗಿ ಲಿಪಿಯನ್ನು ಕಲಿತ ತರುಣನೊಬ್ಬನು ಅವರ ಬಳಿ ಕುಳಿತು ಒಂದೊಂದು ಧಾಟಿಯನ್ನು ಬರೆದುಕೊಂಡರೂ ಸಾಕು. ನವರಸದ ಹಾಡುಗಳಿಗೆ ಒದಗಿದ ಗತಿಯು ಆ ಪದಗಳಿಗೆ ಒದಗಲಾರದು.