ಬಾರ್ಸಿಯ ರೈಲೂ ನಮ್ಮ ಮನೆಯ ರಾಜೀನಾಮೆಯೂ

ನಾಗರಬಾವಿಯ ನಮ್ಮ ಮನೆಗೆ ಭಾನುವಾರದ ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳು ಬರುವುದುಂಟು. ಮದುವೆಯ ಕರೆಯೋಲೆ ಕೊಡಲು, ಇಲ್ಲವೆ ಮಗುವನ್ನು ಯಾವ ಶಾಲೆಗೆ ಸೇರಿಸಲೆಂದು ಕೇಳಲು. ಮೊನ್ನೆ ಬಂದವಳು ತಂದದ್ದು ಮಾತ್ರ ಟೈಪು ಮಾಡಿದ ಒಂದು ಹಾಳೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷದಿಂದ ಕೆಲಸದಲ್ಲಿದ್ದಾಳೆ.

"ಮಿಸ್, ನಮ್ಮ ಫ್ಯಾಕ್ಟರೀನ ಬೇರೆಯವರು ತಗೊಂಡ್ರು. ಎಲ್ಲರೂ ಇದಕ್ಕೆ ಸೈನ್ ಹಾಕಿ, ಒಂದನೇ ತಾರೀಖಿಂದ ಹೊಸ ಆರ್ಡರ್ ಕೊಡ್ತೀವಿ ಅಂತಿದಾರೆ. ಹಾಕ್ಲಾ?"

ಹಾಳೆಯಲ್ಲಿ ಇದ್ದದ್ದು ಮೂರೇ ಸಾಲು. ಸ್ವಂತ ಕಾರಣಗಳಿಂದ, ಸ್ವಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ ಎಂದು. ಓದಿ ನಾನು ಒಳಕೋಣೆಯ ಕಡೆ ನೋಡಿದೆ. ಪೇಪರು ಓದುತ್ತಿದ್ದ ನಮ್ಮವರು ಪುಟ ತಿರುವುವುದನ್ನು ನಿಲ್ಲಿಸಿದ್ದರು.

ಆ ಮೂರು ಸಾಲು ನಮ್ಮ ಮನೆಗೆ ಹೊಸದಲ್ಲ. 1990ರಿಂದ ಅವರು ದುಡಿದಿದ್ದ ಕಾರ್ಖಾನೆ 2007ರಲ್ಲಿ ಯಂತ್ರ, ಶೆಡ್ಡು, ಗಿರಾಕಿಗಳ ಸಮೇತ ಮಾರಾಟವಾಯಿತು. ಹಳೆಯ ಯಜಮಾನರು ಕೆಟ್ಟವರೇನಲ್ಲ, ಆಯುಧಪೂಜೆಗೆ ಎಲ್ಲರ ಮನೆಗೂ ಸಿಹಿ ಕಳಿಸುತ್ತಿದ್ದವರು. ಅವರೇ ಎದುರಿಗೆ ನಿಂತು, ಇದು ಬರೀ ಫಾರ್ಮಾಲಿಟಿ ಎಂದಾಗ ಇಲ್ಲವೆನ್ನಲು ಯಾರಿಗೆ ಬಾಯಿ ಬರುತ್ತದೆ? ದೇಶದ ಹೆಸರಾಂತ ಕಾನೂನು ಶಾಲೆ ಇರುವುದು ನಮ್ಮ ನಾಗರಬಾವಿಯಲ್ಲೇ. ಅದರ ಗೇಟಿನ ಮುಂದೆಯೇ ಬಸ್ಸಿನಲ್ಲಿ ಹಾದುಹೋಗಿ ನಮ್ಮವರು ಆ ಹಾಳೆಗೆ ರುಜು ಹಾಕಿ ಬಂದರು.

ಹೊಸಬರು ಕೆಲವರನ್ನು ಕರೆದುಕೊಂಡರು, ಕೆಲವರನ್ನು ಬಿಟ್ಟರು. ನಲವತ್ತೆರಡು ವರ್ಷದ ನಮ್ಮವರಿಗೆ ಕರೆ ಬರಲಿಲ್ಲ. ಇಪ್ಪತ್ತು ದಿನ ಅವರು ಎಂದಿನ ಹೊತ್ತಿಗೇ ಊಟದ ಡಬ್ಬಿ ಹಿಡಿದು ಹೊರಟು, ಜ್ಞಾನಭಾರತಿಯ ಮರಗಳ ಕೆಳಗೆ ಕೂತು ಬರುತ್ತಿದ್ದರಂತೆ. ನನಗೆ ಗೊತ್ತಾದದ್ದು ಡಬ್ಬಿಯಲ್ಲಿ ಒಣಗಿದ ಎಲೆಯೊಂದು ಸಿಕ್ಕಿದಾಗ. ಆಮೇಲೆ ಕಾಮಾಕ್ಷಿಪಾಳ್ಯದ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ಮನೆ ನಡೆದದ್ದು ನನ್ನ ಸಂಬಳದಲ್ಲಿ. ಅದನ್ನು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ.

ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದ ಹಿರಿಯರೊಬ್ಬರು ಮಾತ್ರ ರುಜು ಹಾಕಿರಲಿಲ್ಲ. ಅವರ ತಂದೆ ಬಿನ್ನಿ ಮಿಲ್ಲಿನವರು. "ಮಿಲ್ಲಿನವರ ಮನೇಲಿ ಹುಟ್ಟಿದೋನು ಓದದೆ ಸೈನ್ ಹಾಕಲ್ಲ" ಎಂದರಂತೆ. ಅವರನ್ನೂ ಹೊಸಬರು ಕರೆಯಲಿಲ್ಲ. ಆದರೆ ಕಾರ್ಮಿಕ ಅಧಿಕಾರಿಯ ಮುಂದೆ ಒಂದೂವರೆ ವರ್ಷ ಓಡಾಡಿ, ನಮಗೆ ಬಾರದ ಒಂದು ಮೊತ್ತವನ್ನು ಪಡೆದರು. ಸಮಾಜ ವಿಜ್ಞಾನ ಹೇಳಿಕೊಡುವ ನಾನು ಆ ಮೊತ್ತದ ಮೂಲ ಹುಡುಕಲು ಹೊರಟದ್ದು ಆಗ. ಹುಡುಕುತ್ತಾ ಹೋದರೆ ಸಿಕ್ಕಿದ್ದು ಒಂದು ಪುಟ್ಟ ರೈಲು!

ಮಿರಜಿನಿಂದ ಪಂಢರಪುರ, ಕುರ್ಡುವಾಡಿ, ಬಾರ್ಸಿಯ ಮೇಲೆ ಲಾತೂರಿನವರೆಗೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ಬಾರ್ಸಿ ಲೈಟ್ ರೈಲ್ವೆ ಅದು. ವಿಠಲನ ದರ್ಶನಕ್ಕೆ ಹೊರಟ ನಮ್ಮ ಉತ್ತರ ಕರ್ನಾಟಕದವರು ಮಿರಜಿನಲ್ಲಿ ಇಳಿದು ಹತ್ತುತ್ತಿದ್ದ ಗಾಡಿ. ಅದು ಖಾಸಗಿ ಕಂಪನಿಯದು. 1954ರ ಜನವರಿ 1ರಿಂದ ಸರ್ಕಾರ ಅದನ್ನು ಕೊಂಡುಕೊಂಡಿತು. ಕಂಪನಿ ತನ್ನ ಕೆಲಸಗಾರರಿಗೆಲ್ಲ 1953ರ ಡಿಸೆಂಬರ್ 31ಕ್ಕೆ ನಿಮ್ಮ ಸೇವೆ ಮುಗಿಯಿತು ಎಂದು ನೋಟಿಸು ಕೊಟ್ಟಿತ್ತು. ಬಹುಪಾಲು ಜನರನ್ನು ಸರ್ಕಾರ ತೆಗೆದುಕೊಂಡಿತು, ನಿಜ. ಆದರೂ ಹಳೆಯ ಯಜಮಾನ ನಮ್ಮನ್ನು ತೆಗೆದುಹಾಕಿದ್ದಕ್ಕೆ ಪರಿಹಾರ ಎಲ್ಲಿ ಎಂದು ಅವರು ಕೇಳಿದರು. ಕೇಳಲು ಆಧಾರವೂ ಇತ್ತು. 1953ರ ಅಕ್ಟೋಬರ್ 24ರಿಂದ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ, ಕೆಲಸದಿಂದ ಕಡಿತ ಮಾಡಿದವರಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳ ಕೊಡಬೇಕೆಂಬ ನಿಯಮ ಸೇರಿತ್ತು.

ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಮುಚ್ಚಿಹೋದ ಬರೋಡದ ಒಂದು ಮಿಲ್ಲಿನ ಪ್ರಕರಣವೂ ಜೊತೆಗೆ ಸೇರಿತು. 1956ರ ನವೆಂಬರ್ 27ರಂದು ತೀರ್ಪು ಬಂತು. ಕಡಿತವೆಂದರೆ ನಡೆಯುತ್ತಿರುವ ಉದ್ದಿಮೆಯಲ್ಲಿ ಹೆಚ್ಚಾದ ಕೆಲಸಗಾರರನ್ನು ತೆಗೆಯುವುದು. ಉದ್ದಿಮೆಯೇ ಕೈಬಿಟ್ಟು ಹೋದಾಗ ಕಡಿತದ ಮಾತೆಲ್ಲಿ ಎಂದಿತು ನ್ಯಾಯಾಲಯ. ಮದುವೆಮನೆಯಲ್ಲಿ ಅಡುಗೆಯವರು ಹೆಚ್ಚಾದರೆಂದು ಇಬ್ಬರನ್ನು ಕಳಿಸುವುದು ಬೇರೆ, ಮದುವೆಯೇ ನಿಂತುಹೋಗುವುದು ಬೇರೆ ಎಂದ ಹಾಗೆ. ತರ್ಕವೇನೋ ಸರಿಯೇ. ಆದರೆ ಎರಡರಲ್ಲೂ ಅಡುಗೆಯವನು ಬರಿಗೈಲಿ ಮನೆಗೆ ಹೋಗುತ್ತಾನಲ್ಲ.

ಸಂಸತ್ತಿಗೆ ಇದು ಅರ್ಥವಾಯಿತೆಂದು ಕಾಣುತ್ತದೆ. 1957ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಉದ್ದಿಮೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೆ, ಕಡಿತವಾದಂತೆಯೇ ಎಣಿಸಿ ನೋಟಿಸು ಮತ್ತು ಪರಿಹಾರ ಕೊಡಬೇಕೆಂದು 25 ಎಫ್‌ಎಫ್ ಕಲಮು ಹೇಳಿತು. ಕೊಡದಿರಬೇಕಾದರೆ ಮೂರು ಷರತ್ತು ಈಡೇರಬೇಕು: ಸೇವೆ ಕಡಿಯಬಾರದು, ಹೊಸ ಯಜಮಾನನ ಷರತ್ತುಗಳು ಹಳೆಯವಕ್ಕಿಂತ ಕಡಿಮೆಯಾಗಬಾರದು, ಮುಂದೆ ಕಡಿತವಾದರೆ ಹಳೆಯ ವರ್ಷಗಳನ್ನೂ ಸೇರಿಸಿ ಕೊಡುವ ಹೊಣೆ ಹೊಸಬನದಾಗಬೇಕು. ಇನ್ನೊಂದು ಸಂಗತಿ ನನ್ನನ್ನು ಈಗಲೂ ಕಾಡುತ್ತದೆ. ಈ ಕಲಮು ಜಾರಿಯಾದದ್ದು ಹಿಂದಿನ ದಿನಾಂಕದಿಂದ, 1956ರ ನವೆಂಬರ್ 28ರಿಂದ. ಅಂದರೆ ತೀರ್ಪಿನ ಮಾರನೆಯ ದಿನದಿಂದ. ಯಾರ ವ್ಯಾಜ್ಯದಿಂದ ಇಷ್ಟೆಲ್ಲ ಆಯಿತೋ ಆ ಬಾರ್ಸಿಯವರು 1953ರಲ್ಲೇ ಹೊರಬಿದ್ದವರು, ಅವರು ಇದರ ಆಚೆಗೇ ಉಳಿದರು.

ಪರಿಹಾರ ಪಡೆದವರನ್ನು ಹೊಸ ಯಜಮಾನ ಕೆಲಸಕ್ಕೂ ಸೇರಿಸಿಕೊಳ್ಳಲೇಬೇಕೆಂದಿಲ್ಲ ಎಂದು ಆಂಧ್ರದ ಅನಕಾಪಲ್ಲಿಯ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ 1962ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸರ್ಕಾರವೇ ಕೊಳ್ಳುವಾಗ ಬೇರೆ ದಾರಿಯೂ ಇತ್ತು. ನಮ್ಮ ಮಾಗಡಿ ರಸ್ತೆ ಕಡೆಯ ಮಿನರ್ವ ಮಿಲ್ಲನ್ನು 1974ರಲ್ಲಿ ರಾಷ್ಟ್ರೀಕರಣ ಮಾಡಿದಾಗ, ಕೆಲಸಗಾರರು ಅದೇ ಷರತ್ತುಗಳ ಮೇಲೆ ಹೊಸ ನಿಗಮದ ನೌಕರರಾಗುತ್ತಾರೆಂದು ಕಾಯ್ದೆಯಲ್ಲೇ ಬರೆದಿತ್ತು. ಯಾರಿಂದಲೂ ರಾಜೀನಾಮೆ ಬರೆಸಬೇಕಾಗಿರಲಿಲ್ಲ.

ಇನ್ನು ನಮ್ಮ ಮನೆಯ ಲೆಕ್ಕ. ನಮ್ಮವರ ಕೊನೆಯ ಸಂಬಳ 7,800 ರೂಪಾಯಿ. ಗ್ರಾಚ್ಯುಟಿ ರಾಜೀನಾಮೆ ಕೊಟ್ಟವರಿಗೂ ಉಂಟು. 26ರಿಂದ ಭಾಗಿಸಿ, 15ರಿಂದ ಗುಣಿಸಿ, ಹದಿನೇಳು ವರ್ಷಕ್ಕೆ 76,500 ಬಂತು. ಪಿ.ಎಫ್. ಬಂತು. ಕಾನೂನು ಕೊಡುವುದು ಇಷ್ಟೇ ಎಂದುಕೊಂಡಿದ್ದೆವು. ಬಾರದೆ ಹೋದದ್ದು ವರ್ಷಕ್ಕೆ ಅರ್ಧ ತಿಂಗಳ ಸಂಬಳದಂತೆ 66,300, ನೋಟಿಸಿನ ಒಂದು ತಿಂಗಳದು 7,800, ಒಟ್ಟು 74,100. ಇದಲ್ಲದೆ, ಕಡಿತವಾದ ಇಎಸ್‌ಐ ವಿಮಾದಾರರಿಗೆ ಆರು ತಿಂಗಳು ಅರ್ಧ ಸಂಬಳ ಕೊಡುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ 2005ರ ಏಪ್ರಿಲ್‌ನಲ್ಲಿ ಶುರುವಾಗಿತ್ತು. ವಿಚಾರಿಸಲು ಹೋದಾಗ ಗುಮಾಸ್ತರು ಹಾಳೆ ನೋಡಿ, "ಕೆಲಸ ಹೋದೋರಿಗೆ ಸಾರ್ ಇದು, ನೀವು ಬಿಟ್ಟೋರು" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಮಾರಾಟದ ಪರಿಹಾರದ ಮಾತು ಅದರಲ್ಲೂ ಉಳಿದಿದೆ ಎಂದೆ. ಮಾರಿರುವುದು ಕಾರ್ಖಾನೆಯನ್ನೋ ಬರೀ ಷೇರುಗಳನ್ನೋ ಕೇಳು ಎಂದೆ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾದವರಿಗೆ ಹೋದ ಹಾಗೆ ಷೇರು ಮಾತ್ರ ಕೈಬದಲಾದರೆ ಕೆಲಸ ಕೊಟ್ಟ ಕಂಪನಿ ಅದೇ ಇರುತ್ತದೆ, ರಾಜೀನಾಮೆಗೆ ಕಾರಣವೇ ಇಲ್ಲ.

"ಹಾಗಾದ್ರೆ ಏನಂತ ಕೇಳ್ಲಿ ಮಿಸ್?"

"ಹನ್ನೊಂದು ವರ್ಷದ ಸರ್ವಿಸು ಮುಂದುವರಿಯುತ್ತೆ ಅಂತ ಹೊಸಬರ ಕೈಲಿ ಬರೆಸ್ಕೊ. ಇಲ್ಲಾಂದ್ರೆ ಲೆಕ್ಕ ಮುಗಿಸಿಕೊಡಿ ಅಂತ ಹಳಬರನ್ನ ಕೇಳು. ರಾಜೀನಾಮೆ ಅನ್ನೋ ಮಾತು ನಿನ್ನ ಕೈಯಿಂದ ಬರಬಾರದು."

ಅವಳು ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿಂದ ನಮ್ಮವರು ಕೂಗಿ ಹೇಳಿದರು:

"ಸೀಲು ಹಾಕಿಸ್ಕೊಳಮ್ಮಾ. ತಾರೀಖೂ ಇರಲಿ."